ಕ್ಯೂ ನಿಲ್ಲದೆ ಲೂವ್ರ್ ನೋಡಿದ ನಾಲ್ವರು

ಪ್ಯಾರಿಸ್‌ಗೆ ಹೋಗಿ ಬಂದವರ ಮನೆಗೆ ಕಾಫಿಗೆ ಹೋದರೆ ಒಂದು ಫೋಟೊ ನೋಡದೆ ಎದ್ದು ಬರುವಂತಿಲ್ಲ. ನಮ್ಮ ಬೀದಿಯ ರಾಯರೂ ಮೊನ್ನೆ ತೋರಿಸಿದರು. ಫೋಟೊ ತುಂಬಾ ಎತ್ತಿದ ಕೈಗಳು, ಕೈಕೈಯಲ್ಲೂ ಮೊಬೈಲು. ದೂರದಲ್ಲಿ ಅಂಚೆಚೀಟಿಯಷ್ಟು ಏನೋ ಕಂದು ಬಣ್ಣ.

“ಮೊನಾ ಲಿಸಾ” ಎಂದರು ರಾಯರು.

“ಎಲ್ಲಿ?”

ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದರು. ಮುಂದೆ ನಿಂತವನ ಮೊಬೈಲಿನಲ್ಲಿ ಬ್ಯಾಟರಿ ಶೇ. 12 ಇದ್ದದ್ದು ಚೆನ್ನಾಗಿ ಕಂಡಿತು. ಅವಳು ನಕ್ಕಿದ್ದಾಳೋ ಇಲ್ಲವೋ ಎಂಬ ಐನೂರು ವರ್ಷದ ಜಗಳ ಅಲ್ಲಿಗೆ ಹಾಗೇ ಉಳಿಯಿತು.

ಅವಳ ತಪ್ಪೇನಿಲ್ಲ ಬಿಡಿ. ಚಿತ್ರ ಇರುವುದೇ 77 ಸೆಂಟಿಮೀಟರ್ ಎತ್ತರ, 53 ಅಗಲ. ಅದರ ಮುಂದೆ ಗುಂಡು ನಾಟದ ಗಾಜು. ಅವಳಿರುವ ಲೂವ್ರ್ ಮ್ಯೂಸಿಯಂಗೆ 2024ರಲ್ಲಿ ಬಂದವರು ಸುಮಾರು 87 ಲಕ್ಷ ಜನ. ತಮಾಷೆ ಏನೆಂದರೆ, ಅವಳ ಎದುರು ಗೋಡೆಯಲ್ಲೇ ಆ ಮ್ಯೂಸಿಯಂನ ಅತಿ ದೊಡ್ಡ ವರ್ಣಚಿತ್ರವಿದೆ. ವೆರೊನೀಸ್ ಬರೆದ ‘ಕಾನಾ ಮದುವೆ’. ಹತ್ತಿರ ಹತ್ತಿರ 10 ಮೀಟರ್ ಅಗಲ. ಅಷ್ಟು ದೊಡ್ಡ ಮದುವೆ ಊಟ ನಡೆಯುತ್ತಿದ್ದರೂ ತಿರುಗಿ ನೋಡುವವರಿಲ್ಲ. ನಮ್ಮ ಕಡೆಯ ಮದುವೆಯಲ್ಲಿ ಹೀಗಾಗಿದ್ದರೆ ಬೀಗರು ಎದ್ದು ಹೋಗಿರುತ್ತಿದ್ದರು.

ಟಿಕೆಟ್ ವಿಷಯಕ್ಕೆ ಬರೋಣ. 2026ರ ಜನವರಿಯಿಂದ ಯುರೋಪಿಯನ್ ಆರ್ಥಿಕ ವಲಯದ ದೇಶಗಳ ಆಚೆಯಿಂದ ಬಂದವರಿಗೆ 32 ಯೂರೊ, ಒಳಗಿನವರಿಗೆ 22. ರಾಯರಿಗೆ ಇದು ಭಾರಿ ಅನ್ಯಾಯ. ಚರ್ಮ ನೋಡಿ ದರ ಹಾಕುತ್ತಾರೆ ಎಂದು ಗುಡುಗಿದರು. ನಾನು ಮೆಲ್ಲಗೆ ಹಂಪಿಯ ವಿಠ್ಠಲ ದೇವಸ್ಥಾನದ ಟಿಕೆಟ್ ಕೌಂಟರ್ ನೆನಪಿಸಿದೆ. ಅಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಹದಿನೈದು ಪಟ್ಟು! ಆ ಲೆಕ್ಕದಲ್ಲಿ ಫ್ರೆಂಚರು ಇನ್ನೂ ಕಣ್ಣು ಬಿಡದ ಮರಿಗಳು. ರಾಯರು ಚಕ್ಕುಲಿ ತಟ್ಟೆ ಮುಂದಕ್ಕೆ ತಳ್ಳಿ ಮಾತು ಬದಲಿಸಿದರು.

ಈ ಟಿಕೆಟ್ಟು, ಈ ಕ್ಯೂ, ಈ ಬ್ಯಾಗ್ ತಪಾಸಣೆ ಯಾವುದೂ ಇಲ್ಲದೆ ಲೂವ್ರ್ ನೋಡಿದವರು ಇತ್ತೀಚೆಗೆ ನಾಲ್ಕೇ ಜನ. 2025ರ ಅಕ್ಟೋಬರ್ 19, ಭಾನುವಾರ ಬೆಳಗ್ಗೆ ಒಂಬತ್ತೂವರೆ. ಮ್ಯೂಸಿಯಂ ಬಾಗಿಲು ತೆರೆದು ಅರ್ಧ ಗಂಟೆ. ಮನೆ ಸಾಮಾನು ಮೇಲೇರಿಸುವ ಏಣಿ ಲಾರಿಯನ್ನು ಸೆನ್ ನದಿ ಕಡೆಯ ರಸ್ತೆಯಲ್ಲಿ ನಿಲ್ಲಿಸಿದರು. ಪ್ಯಾರಿಸ್‌ನಲ್ಲಿ ಬೀರು, ಸೋಫಾ ಎಲ್ಲ ಕಿಟಕಿಯಿಂದಲೇ ಮನೆಯೊಳಗೆ ಹೋಗುವುದು ಮಾಮೂಲು. ಹಾಗಾಗಿ ಯಾರೂ ಹುಬ್ಬೇರಿಸಲಿಲ್ಲ. ಇಬ್ಬರು ಮೇಲೆ ಹೋಗಿ, ಕಿಟಕಿ ಗಾಜು ಕತ್ತರಿಸಿ, ಒಳಗೆ ನಾಲ್ಕು ನಿಮಿಷವೂ ನಿಲ್ಲದೆ, ರಾಜವಂಶದ ಎಂಟು ಒಡವೆ ಎತ್ತಿಕೊಂಡು ಸ್ಕೂಟರ್‌ನಲ್ಲಿ ಹೊರಟುಹೋದರು. ಬೆಲೆ 8.8 ಕೋಟಿ ಯೂರೊ. ಅವಸರದಲ್ಲಿ ಒಂದು ಕಿರೀಟ ಬಿದ್ದುಹೋಯಿತು, ಪಾಪ.

ಆ ಕಿಟಕಿಯ ಬಾಲ್ಕನಿ ಕಡೆಗೆ ಕ್ಯಾಮೆರಾ ಇರಲಿಲ್ಲವೇ? ಇತ್ತಂತೆ, ಮುಖ ಬೇರೆ ಕಡೆ ತಿರುಗಿಸಿಕೊಂಡಿತ್ತಂತೆ. 2014ರ ಒಂದು ತಪಾಸಣೆಯ ಹೊತ್ತಿಗೆ ಕ್ಯಾಮೆರಾ ವ್ಯವಸ್ಥೆಯ ಪಾಸ್‌ವರ್ಡ್ ‘ಲೂವ್ರ್’ ಎಂದೇ ಇತ್ತೆಂದು ಪತ್ರಿಕೆಗಳು ಬರೆದವು. ನಮ್ಮ ಅಪಾರ್ಟ್‌ಮೆಂಟಿನ ವೈಫೈಗೆ ಕೂಡ ಕೊನೆಯಲ್ಲಿ 123 ಸೇರಿಸಿದ್ದೇವೆ. ಏಣಿ ಲಾರಿ ಮಾಡುವ ಜರ್ಮನ್ ಕಂಪನಿಯಂತೂ ಅದೇ ಫೋಟೊ ಹಾಕಿ, ಅವಸರವಿದ್ದಾಗ ನಮ್ಮ ಏಣಿಯನ್ನೇ ಬಳಸಿ ಎಂಬರ್ಥದ ಜಾಹೀರಾತು ಬಿಟ್ಟಿತು. ಡಿಸೆಂಬರ್‌ನಲ್ಲಿ ಆ ಕಿಟಕಿಗೆ ಸರಳು ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಗಾದೆ ಎಂದುಕೊಂಡಿದ್ದೆ.

ಕದ್ದ ಒಡವೆಗಳಲ್ಲಿ ನೆಪೋಲಿಯನ್ ತನ್ನ ಎರಡನೇ ಹೆಂಡತಿಗೆ ಕೊಟ್ಟ ಪಚ್ಚೆ ಹಾರವೂ ಇತ್ತು. ಅಂದಹಾಗೆ, ಮೇಲೆ ಹೇಳಿದ ಆ ಮದುವೆ ಚಿತ್ರ ಪ್ಯಾರಿಸ್‌ಗೆ ಬಂದದ್ದು ಹೇಗೆ ಗೊತ್ತಾ? 1797ರಲ್ಲಿ ವೆನಿಸ್‌ನ ಒಂದು ಮಠದ ಊಟದ ಮನೆಯ ಗೋಡೆಯಿಂದ ಇದೇ ನೆಪೋಲಿಯನ್ನನ ಸೈನ್ಯ ಎತ್ತಿಕೊಂಡು ಬಂದದ್ದು. ಅದಕ್ಕೆ ಏಣಿ ಲಾರಿ ಬೇಕಾಗಲಿಲ್ಲ, ಸ್ಕೂಟರೂ ಬೇಕಾಗಲಿಲ್ಲ. ಅದನ್ನು ಕಳವು ಎನ್ನುವುದಿಲ್ಲ, ಸಂಗ್ರಹ ಎನ್ನುತ್ತಾರೆ.

ಕಳವು ಈ ಮ್ಯೂಸಿಯಂಗೆ ಹೊಸದೂ ಅಲ್ಲ, ನಷ್ಟವೂ ಅಲ್ಲ. 1911ರ ಆಗಸ್ಟ್ 21ರಂದು, ಅಲ್ಲೇ ಕೆಲಸ ಮಾಡಿ ಬಿಟ್ಟಿದ್ದ ಪೆರೂಜಾ ಎಂಬ ಇಟಲಿಯವನು ಮೊನಾ ಲಿಸಾಳನ್ನೇ ಹೊತ್ತೊಯ್ದ. ಗೊತ್ತಾಗಿದ್ದು ಮಾರನೇ ದಿನ. ಫೋಟೊ ತೆಗೆಯಲು ಒಯ್ದಿರಬೇಕು ಎಂದುಕೊಂಡು ಕಾವಲಿನವರು ಸುಮ್ಮನಿದ್ದರು. ಆಮೇಲೆ ಜನ ಸಾಲು ನಿಂತು ಖಾಲಿ ಗೋಡೆಯನ್ನು ನೋಡಿ ಹೋದರು. ಸಾಹಿತಿ ಕಾಫ್ಕಾ ಕೂಡ ಹೋಗಿದ್ದ. 1913ರಲ್ಲಿ ಸಿಕ್ಕು ವಾಪಸ್ ಬರುವ ಹೊತ್ತಿಗೆ ಆಕೆ ಮನೆಮಾತಾಗಿದ್ದಳು. ಈಗ ಅವಳಿಗೊಂದು ಬೇರೆ ಕೋಣೆ ಕಟ್ಟಿ, ಅದಕ್ಕೆ ಬೇರೆ ಟಿಕೆಟ್ ಇಡುವ ಯೋಜನೆಯನ್ನು ಅಧ್ಯಕ್ಷ ಮ್ಯಾಕ್ರಾನ್ 2025ರ ಜನವರಿಯಲ್ಲೇ ಸಾರಿದ್ದಾರೆ.

ಹೊರಡುವಾಗ ರಾಯರು ಬಾಗಿಲಲ್ಲಿ ತಡೆದು ಇನ್ನೊಂದು ಫೋಟೊ ತೋರಿಸಿದರು. ಹೊರಗಿನ ಗೋಡೆ, ಒಂದು ಬಾಲ್ಕನಿ, ಒಂದು ಕಿಟಕಿ.

“ಕಳ್ಳರು ಹತ್ತಿದ್ದು ಇಲ್ಲೇ ನೋಡಿ. ರಸ್ತೆಯಿಂದಲೇ ಕಾಣುತ್ತೆ, ಟಿಕೆಟ್ಟೂ ಬೇಡ.”

ಇಡೀ ಪ್ರವಾಸದಲ್ಲಿ ಅದೊಂದು ಫೋಟೊಗೆ ಮಾತ್ರ ಯಾರ ಕೈಯೂ ಅಡ್ಡ ಬಂದಿರಲಿಲ್ಲ. ಅದನ್ನೇ ಫ್ರೇಮ್ ಹಾಕಿಸುತ್ತಾರಂತೆ.