ಮಾಳಿಗೆ ಮ್ಯಾಲಿನ ಮೋಗ್ಲಿ

1993ರ ಸುಮಾರಿನ ಮಾತು. ರವಿವಾರ ಬೆಳಿಗ್ಗೆ ಧಾರವಾಡದ ನಮ್ಮ ಓಣಿಯಲ್ಲಿ ಚಿಣಿಫಣಿ ಆಡೋಕೂ ಒಬ್ಬ ಹುಡುಗ ಸಿಗುತ್ತಿರಲಿಲ್ಲ. ಎಲ್ಲರೂ ದೂರದರ್ಶನದ ಮುಂದೆ. ಕಾಡಿನ ಹುಡುಗನ ಆ ಕಾರ್ಟೂನಿಗೆ ‘ಜಂಗಲ್ ಬುಕ್’ ಅಂತ ಯಾರೂ ಅನ್ನುತ್ತಿರಲಿಲ್ಲ. ಬರೀ ‘ಮೋಗ್ಲಿ’. ಓಣಿಗೆ ಓಣಿಯೇ ಮೋಗ್ಲಿಯನ್ನು ನೋಡಿತು. ನಾನು ಮಾತ್ರ ಕೇಳಿದೆ.

ಕಾರಣ, ಆಂಟೆನಾ. ಮನೆಯಲ್ಲಿ ಸಣ್ಣವನು ನಾನು, ಹೀಗಾಗಿ ಮಾಳಿಗೆ ಏರುವವನೂ ನಾನೇ. ‘ಬಂತೇನ?’ ಅಂತ ನಾನು ಮೇಲಿಂದ ಕೂಗಬೇಕು. ‘ಬಂತು, ಬಂತು... ಏ, ಹೋತು!’ ಅಂತ ಅವರು ಕೆಳಗಿಂದ. ‘ಹುಬ್ಬಳ್ಳಿ ಕಡೆ ತಿರುವು’ ಅನ್ನೋರು ಕಾಕಾ. ‘ಬೆಳಗಾವಿ ಕಡೆ’ ಅನ್ನೋರು ಬಾಜೂಮನೆ ಮಾಮಾ. ನಾನು ಕಂಬ ಹಿಡಿದರೆ ಚಿತ್ರ ಸ್ವಚ್ಛ, ಬಿಟ್ಟರೆ ಬರೀ ಚುಕ್ಕಿ. ‘ಹಂಗ ಹಿಡಕೊಂಡ ನಿಂದರ್ಲೇ’ ಅಂತ ಆದೇಶ ಬರುತ್ತಿತ್ತು. ಪೂರ್ತಿ ಅರ್ಧ ತಾಸು ನಾನೂ ಆಂಟೆನಾದ ಒಂದು ಕಡ್ಡಿ.

ಶೀರ್ಷಿಕೆ ಹಾಡು ಕಿಟಕಿಯಿಂದ ಮೇಲೆ ಬರುತ್ತಿತ್ತು. ನಮ್ಮ ಹಿಂದಿ ಅಷ್ಟಕ್ಕಷ್ಟೇ. ಇಡೀ ಹಾಡಿನಲ್ಲಿ ತಿಳಿದದ್ದು ‘ಚಡ್ಡಿ’ ಒಂದೇ. ಅದನ್ನು ಬರೆದವರು ಗುಲ್ಜಾರ್ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಧಾರವಾಡದ ಹುಡುಗರಿಗೂ ಒಂದು ಶಬ್ದ ಇರಲಿ ಅಂತ ಹಾಕಿರಬೇಕು.

ಕೇಳಿಯೇ ಕತೆ ತಿಳಿದುಕೊಳ್ಳುವವನ ಫಜೀತಿ ಬೇರೆ. ಮುಂದೆ ‘ಟೇಲ್‌ಸ್ಪಿನ್’ ಬಂತು. ಅದೂ ಕಾರ್ಟೂನೇ. ಅದರಲ್ಲೂ ಮೋಗ್ಲಿಯ ಕರಡಿ ಬಲ್ಲೂ ಇದ್ದ, ಹುಲಿ ಶೇರ್ ಖಾನ್ ಇದ್ದ. ನಡುವೆ ವಿಮಾನದ ಸಪ್ಪಳ ಬೇರೆ. ಕರಡಿ ಕಾಡು ಬಿಟ್ಟು ನೌಕರಿ ಹಿಡಿದ ಅಂತ ನಾನು ಲೆಕ್ಕ ಹಾಕಿದೆ. ಅದರಲ್ಲಿ ಏನು ವಿಚಿತ್ರ? ನಮ್ಮ ಓಣಿಯ ಅಣ್ಣಂದಿರೂ ಒಬ್ಬೊಬ್ಬರಾಗಿ ಹುಬ್ಬಳ್ಳಿ ರೈಲ್ವೆಗೆ ಸೇರುತ್ತಿದ್ದರಲ್ವಾ! ಶೇರ್ ಖಾನ್ ಕೋಟು ಹಾಕಿದ ದೊಡ್ಡ ಸಾಹುಕಾರ ಆಗಿದ್ದಾನೆ ಅಂತ ಗೆಳೆಯ ಹೇಳಿದಾಗಲೂ ನಂಬಿದೆ. ಎರಡೂ ಬೇರೆ ಬೇರೆ ಧಾರಾವಾಹಿ ಅಂತ ಯಾರೂ ಹೇಳಲಿಲ್ಲ. ಮೋಗ್ಲಿ ಪಾಪ ಎಲ್ಲಿ ಹೋದ ಅಂತ ಬಹಳ ದಿನ ಚಿಂತೆ ಮಾಡಿದ್ದೆ.

ಮೋಗ್ಲಿಯನ್ನು ಮಂಗಗಳು ಹೊತ್ತೊಯ್ದ ರವಿವಾರ ಮಾತ್ರ ಮರೆಯೋ ಹಾಗೇ ಇಲ್ಲ. ಕೆಳಗೆ ಹುಡುಗರು ಉಸಿರು ಬಿಗಿ ಹಿಡಿದು ಕೂತಿದ್ದರು. ಮೇಲೆ, ಪೇರಲ ಗಿಡದಿಂದ ಒಂದು ದೊಡ್ಡ ಮಂಗ್ಯಾ ಜಿಗಿದು ಆಂಟೆನಾ ಮೇಲೆ ಕೂತಿತು. ಕಂಬ ಅರ್ಧ ಸುತ್ತು ತಿರುಗಿತು. ಕೆಳಗಿಂದ ಒಮ್ಮೆಲೇ ಬೊಬ್ಬೆ.

‘ಯಾಕಲೇ, ಏನ ಮಾಡಾಕತ್ತೀ ಮ್ಯಾಲೆ?’ ಅಂದರು ಅಪ್ಪ.

‘ಅಪ್ಪಾ, ಇಲ್ಲೆ ಮಂಗ್ಯಾ ಐತಿ!’

‘ಅದು ನಮಗ ಗೊತ್ತೈತಿ, ಮೊದಲ ಕಂಬ ತಿರುವು!’

ಆ ಮಂಗ್ಯಾ ನನ್ನನ್ನು ನೋಡಿ ಹಲ್ಲು ಕಿಸಿಯಿತು. ನಾನು ಏಣಿ ಬಿಟ್ಟು ಹುಲ್ಲಿನ ಬಣವೆಗೆ ಜಿಗಿದೆ. ಮೊಣಕಾಲು ಕಿತ್ತಿತು. ಆಯಿ ಅರಿಷಿಣ ಒತ್ತುತ್ತಾ, ‘ಮೋಗ್ಲಿ ಸಿಕ್ಕನಂತ ಏನಪಾ?’ ಅಂತ ಕೇಳಿದಳು. ನನ್ನನ್ನು ಕೇಳಿದರೆ?

ಆಮೇಲೆ ಕೇಬಲ್ ಬಂತು. 1995ರಲ್ಲಿ ಭಾರತದಲ್ಲಿ ಶುರುವಾದ ಕಾರ್ಟೂನ್ ನೆಟ್‌ವರ್ಕ್ ನಮ್ಮ ಓಣಿಗೂ ಇಳಿಯಿತು. ಆಂಟೆನಾ ಮೇಲೆ ಅವ್ವ ಸೀರೆ ಒಣಗಹಾಕತೊಡಗಿದಳು. ನಾನು ಕೊನೆಗೂ ಕೆಳಗೆ ಕೂತೆ. ಆದರೆ ಅಷ್ಟೊತ್ತಿಗೆ ಮೋಗ್ಲಿ ಮುಗಿದಿತ್ತು.

ಹೋದ ವಾರ ಮಗನಿಗೆ ಅಂತ ಮೊಬೈಲಿನಲ್ಲಿ ಹಿಂದಿ ಮೋಗ್ಲಿ ಹುಡುಕಿದೆ. ಅದು ಮೂಲದಲ್ಲಿ ಜಪಾನಿನದು, ಒಟ್ಟು 52 ಕಂತು ಅಂತ ಈಗ ತಿಳಿಯಿತು. ಚಿತ್ರ ಸ್ವಚ್ಛ, ಯಾರೂ ಕಂಬ ಹಿಡಿಯಬೇಕಿಲ್ಲ. ಆದರೆ ಇವನು ಯಾವ ಮೋಗ್ಲಿ, ನನ್ನ ಮೋಗ್ಲಿ ಹಿಂಗ ಇರಲಿಲ್ಲವಲ್ಲ ಅನ್ನಿಸಿತು. ಅಷ್ಟರಲ್ಲಿ ಶೇರ್ ಖಾನ್ ಮಾತಾಡಿದ. ನಾನಾ ಪಾಟೇಕರ್ ಅವರ ಅದೇ ಗಡಸು ದನಿ. ಸುಮ್ನೆ ಕಣ್ಣು ಮುಚ್ಚಿದೆ. ಎಲ್ಲ ಸರಿಯಾಗಿ ಕಾಣತೊಡಗಿತು.

ಮಗ ಅಲುಗಾಡಿಸಿದ. ‘ಪಪ್ಪಾ, ನಿದ್ದಿ ಹತ್ತಿತೇನ?’