ಗರ್ಭಪಾತಕ್ಕೆ ಗಂಡನ ಸಹಿ ಬೇಕೇ? ಸತ್ಯಾಂಶ

"ಗಂಡನ ಸಹಿ ಇಲ್ಲದೆ ಗರ್ಭಪಾತ ಮಾಡಿಸಿದರೆ ಜೈಲು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ, 18 ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. 'ಸಿ' ನಮೂನೆಗೆ ಅವಳೇ ಸಹಿ ಹಾಕುತ್ತಾಳೆ. ಗಂಡನದಾಗಲಿ ಅತ್ತೆಯದಾಗಲಿ ಸಹಿ ಬೇಕಿಲ್ಲ. 18ರೊಳಗಿನವರಿಗೆ, ಮಾನಸಿಕ ಅಸ್ವಸ್ಥರಿಗೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಹಾಗಿದ್ದರೂ ಕೆಲವು ಆಸ್ಪತ್ರೆಗಳು ಮುಂದೆ ತಕರಾರು ಬರಬಾರದೆಂದು ಗಂಡನನ್ನು ಕರೆತರಲು ಹೇಳುತ್ತವೆ. ಇದು ತಪ್ಪು. ಹೀಗೆ ಅಲೆದಾಡಿಸುವುದರಲ್ಲೇ ವಾರಗಳು ಕಳೆಯುತ್ತವೆ, ವಾರಗಳ ಲೆಕ್ಕವೇ ಇಲ್ಲಿ ಮುಖ್ಯ: ಕಾನೂನು ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರದು ಬೇಕು, ಅದೂ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ವಿಧವೆಯರಂಥ ನಿಗದಿತ ವರ್ಗಗಳಿಗೆ. ಅವಿವಾಹಿತೆಯರಿಗೂ ಈ ಅವಕಾಶವಿದೆಯೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಹೆಸರು ಬಯಲಾದೀತೆಂಬ ಭಯವೇ? ಅಧಿಕಾರವಿಲ್ಲದವರಿಗೆ ಗುರುತು ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.