ಗೋಡೆಯ ಮೇಲಿನ 21

ಬೆಳಗಿನಿಂದ ಸಿಟ್ಟು ಇಳಿದಿಲ್ಲ. ಬರೆದಾದರೂ ಇಳಿಸಿಕೊಳ್ಳೋಣವೆಂದು ಕೂತಿದ್ದೇನೆ. ಬೇಸ್‌ಬಾಲ್ ಎಂದ ಕೂಡಲೇ ಜಾಗ ಖಾಲಿ ಮಾಡುವ ಸ್ನೇಹಿತರು ಈಗಲೇ ಹೊರಡಬಹುದು. ನನ್ನ ಹುಚ್ಚು ನಿಮಗೆ ಹೊಸದಲ್ಲ.

ನಿನ್ನೆ ಅಕ್ಕನ ಮಗನನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಅಮೆರಿಕದ ನಮ್ಮ ಪಿಟ್ಸ್‌ಬರ್ಗ್‌ಗೆ ಬಂದ ನೆಂಟರಿಗೆ ನಾನು ತೋರಿಸುವ ಜಾಗ ಎರಡೇ ಎಂಬುದು ಬಂದು ಹೋದವರಿಗೆಲ್ಲ ಗೊತ್ತು: ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, ಆಮೇಲೆ ಊರಿನ ಬೇಸ್‌ಬಾಲ್ ತಂಡ ಪೈರೇಟ್ಸ್‌ನ ಮೈದಾನ. ಮೊದಲನೆಯ ಕಡೆ ಪುಳಿಯೋಗರೆ ಸಿಗುತ್ತದೆ, ಎರಡನೆಯ ಕಡೆ ಸೋಲು. ಪಂದ್ಯದ ದಿನ ಕ್ಲೆಮೆಂಟೆ ಸೇತುವೆಯ ಮೇಲೆ ವಾಹನಗಳನ್ನು ಬಿಡುವುದಿಲ್ಲ; ನದಿಯ ಗಾಳಿಗೆ ಮುಖ ಕೊಟ್ಟು ನಡೆದುಕೊಂಡೇ ಹೋಗಬೇಕು. ಸೇತುವೆ ಮುಗಿದಲ್ಲಿ, ಅದಕ್ಕೆ ಹೆಸರು ಕೊಟ್ಟ ಪೈರೇಟ್ಸ್‌ನ ಹಳೆಯ ಆಟಗಾರ ರೊಬೆರ್ಟೊ ಕ್ಲೆಮೆಂಟೆಯ ಕಂಚಿನ ಪ್ರತಿಮೆ. ಅದರ ಪೀಠದಲ್ಲಿ ಅವನು ಆಡಿದ ಮೈದಾನಗಳ ಮಣ್ಣು ಇಟ್ಟಿದ್ದಾರೆ: ಪೋರ್ಟೊ ರಿಕೊದ್ದು, ಇಲ್ಲಿನ ಫೋರ್ಬ್ಸ್ ಫೀಲ್ಡ್‌ನದು, ತ್ರೀ ರಿವರ್ಸ್ ಕ್ರೀಡಾಂಗಣದ್ದು. ಮೈದಾನದ ಸುತ್ತ ಇನ್ನೂ ಮೂವರು ಹಳೆಯ ಆಟಗಾರರ ಪ್ರತಿಮೆಗಳಿವೆ: ವ್ಯಾಗ್ನರ್, ಸ್ಟಾರ್ಜೆಲ್, ಮ್ಯಾಜರಾಸ್ಕಿ. ಹುಡುಗ ಒಂದು ಸುತ್ತು ಬಂದು, ಎಲ್ಲದರ ಫೋಟೊ ತೆಗೆದು, ಮುಗ್ಧವಾಗಿ ಕೇಳಿದ: "ಮಾವ, ಇಷ್ಟೆಲ್ಲ ದೊಡ್ಡವರಿದ್ದ ತಂಡ 1979ರ ನಂತರ ಒಂದು ಸಲವೂ ಚಾಂಪಿಯನ್ ಆಗಿಲ್ಲವೇ?"

ಇಲ್ಲವಪ್ಪ. 1993ರಿಂದ 2012ರವರೆಗೆ ಸತತ ಇಪ್ಪತ್ತು ವರ್ಷ ಗೆದ್ದ ಪಂದ್ಯಗಳಿಗಿಂತ ಸೋತವೇ ಹೆಚ್ಚು. ಮಗು ಹುಟ್ಟಿ, ಬೆಳೆದು, ಕಾಲೇಜು ಸೇರುವಷ್ಟು ಕಾಲ.

ನನ್ನ ಸಿಟ್ಟು ಸೋಲಿನ ಮೇಲಲ್ಲ. ಸೋಲು ರೂಢಿಯಾಗಿದೆ, ಮಂಡಿನೋವಿನ ಹಾಗೆ. ಸಿಟ್ಟು ಬಂದದ್ದು ಮೈದಾನದ ಅಂಗಡಿಯಲ್ಲಿ. ಕ್ಲೆಮೆಂಟೆಯ 21ನೇ ಸಂಖ್ಯೆಯ ಅಂಗಿಗಳು ಗೋಡೆ ತುಂಬ ತೂಗುತ್ತಿದ್ದವು, ಒಂದೊಂದಕ್ಕೂ ನೂರು ಡಾಲರ್‌ಗಿಂತ ಮೇಲೆ. ಇದೇ ತಂಡವಲ್ಲವೇ 2025ರ ಏಪ್ರಿಲ್‌ನಲ್ಲಿ ಅವನು ಕಾಯುತ್ತಿದ್ದ ರೈಟ್ ಫೀಲ್ಡ್, ಅಂದರೆ ಮೈದಾನದ ಬಲ ಅಂಚಿನ, ಗೋಡೆಯ ಮೇಲಿದ್ದ ಅದೇ 21ನ್ನು ತೆಗೆದು ಅಲ್ಲಿ ಮದ್ಯದ ಜಾಹೀರಾತು ಹಾಕಿದ್ದು? ಆ ಗೋಡೆಯನ್ನು 21 ಅಡಿ ಎತ್ತರಕ್ಕೆ ಕಟ್ಟಿಸಿದ್ದೇ ಅವನ ಗೌರವಕ್ಕೆ! ಅಭಿಮಾನಿಗಳು ಕಂಡುಹಿಡಿದು ಗಲಾಟೆ ಮಾಡಿದರು, ತಮಗೆ ಯಾರೂ ತಿಳಿಸಿರಲಿಲ್ಲವೆಂದು ಅವನ ಮನೆಯವರು ಹೇಳಿದರು, ಆಮೇಲೆ ತಂಡದವರು ಕ್ಷಮೆ ಕೇಳಿ ಸಂಖ್ಯೆಯನ್ನು ಮತ್ತೆ ಹಾಕಿದರು. ತಪ್ಪಾಯಿತಂತೆ. ಮನೆಯ ನಡುಮನೆಯಲ್ಲಿ ತೂಗುಹಾಕಿದ ಅಜ್ಜನ ಫೋಟೊವನ್ನು ಇಳಿಸಿ ಅಲ್ಲಿ ಬಿಯರ್ ಕ್ಯಾಲೆಂಡರ್ ಹಾಕಿ, "ಅಯ್ಯೋ, ಗಮನಿಸಲಿಲ್ಲ" ಎಂದರೆ ನಂಬುತ್ತೀರಾ?

ಅಂಗಡಿಯಲ್ಲಿ ಬೇಕು, ಗೋಡೆಯ ಮೇಲೆ ಬೇಡ. ಇಷ್ಟೇ ನನ್ನ ತಕರಾರು.

ಅವನು ಯಾರೆಂದು ಹುಡುಗನಿಗೆ ಹೇಳುತ್ತ ನನಗೇ ಗಂಟಲು ಕಟ್ಟಿತು. ಪೈರೇಟ್ಸ್ ಅವನನ್ನು 1954ರಲ್ಲಿ ಡಾಡ್ಜರ್ಸ್ ತಂಡದ ಕಿರಿಯರ ಸಾಲಿನಿಂದ ಎತ್ತಿಕೊಂಡಿತು. ರೈಟ್ ಫೀಲ್ಡ್‌ನಿಂದ ಅವನು ಚೆಂಡು ಎಸೆದರೆ ಓಡುವವನು ಬೇಸ್‌ನಲ್ಲೇ ಹಿಂಜರಿಯುತ್ತಿದ್ದ. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಹನ್ನೆರಡು, ನಾಲ್ಕು ಸಲ ಬ್ಯಾಟಿಂಗ್ ಸರಾಸರಿಯಲ್ಲಿ ಲೀಗಿಗೇ ಮೊದಲಿಗ. 1972ರ ಸೆಪ್ಟೆಂಬರ್ 30ರಂದು 3000ನೇ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ್ದು. ಅದೇ ವರ್ಷ ಡಿಸೆಂಬರ್‌ನಲ್ಲಿ ನಿಕರಾಗುವದಲ್ಲಿ ಭೂಕಂಪವಾಯಿತು. ಕಳುಹಿಸಿದ ನೆರವು ಸಂತ್ರಸ್ತರನ್ನು ತಲುಪುತ್ತಿಲ್ಲ, ದಾರಿಯಲ್ಲೇ ಸೈನಿಕರ ಪಾಲಾಗುತ್ತಿದೆ ಎಂದು ಕೇಳಿ, ತಾನೇ ಎದುರು ನಿಂತರೆ ಯಾರೂ ಕದಿಯಲಾರರೆಂದು 31ರ ರಾತ್ರಿ ಮಿತಿಮೀರಿ ಸಾಮಾನು ಹೇರಿದ್ದ ಹಳೆಯ ವಿಮಾನ ಹತ್ತಿದ. ಪೋರ್ಟೊ ರಿಕೊದ ತೀರ ದಾಟಿದ ಕೂಡಲೇ ಅದು ಸಮುದ್ರಕ್ಕೆ ಬಿತ್ತು. ಶವವೂ ಸಿಗಲಿಲ್ಲ. ಲೆಕ್ಕ 3000ಕ್ಕೇ ನಿಂತಿತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸ್ಮರಣೆಯ ಪ್ರಾರ್ಥನೆಗೆ ತಂಡದವರೆಲ್ಲ ಹೋದಾಗ ಕ್ಯಾಚರ್ ಮ್ಯಾನಿ ಸ್ಯಾಂಗಿಯೆನ್ ಮಾತ್ರ ಹೋಗಲಿಲ್ಲ. ಗೆಳೆಯನನ್ನು ಹುಡುಕಲು ಸಮುದ್ರಕ್ಕೆ ಧುಮುಕಿದ್ದ.

ಆ ಸ್ಯಾಂಗಿಯೆನ್‌ನನ್ನು ನಾನು ನೋಡಿದ್ದೇನೆ. ಈ ಮೈದಾನದಲ್ಲಿ ಅವನ ಹೆಸರಿನ ಬಾರ್ಬೆಕ್ಯೂ ಅಂಗಡಿಯಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ನಗುತ್ತ ಹಸ್ತಾಕ್ಷರ ಹಾಕುತ್ತಿದ್ದ. ನಾನು ಸಸ್ಯಾಹಾರಿ. ಆದರೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕೇಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ. ಟೋಪಿ ಮುಂದೆ ಹಿಡಿದೆ, ಸಹಿ ಹಾಕಿ ಕೊಟ್ಟ, ಅಷ್ಟೇ.

ಈಗ ನಮ್ಮ ಸ್ನೇಹಿತರ ಬಳಗದ ವ್ಯವಹಾರ ಪಂಡಿತರು ಬರುತ್ತಾರೆ, ಗೊತ್ತು. "ಅದು ಕಂಪನಿ ಸ್ವಾಮಿ, ಸಣ್ಣ ಊರಿನ ತಂಡ, ನ್ಯೂಯಾರ್ಕ್‌ನವರಷ್ಟು ದುಡ್ಡು ಎಲ್ಲಿಂದ ತರಬೇಕು? ಜಾಹೀರಾತು ಬೇಡವೇ?" ಆಯಿತು, ಈ ಆಟದಲ್ಲಿ ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿಯಿಲ್ಲ, ಸಿರಿವಂತರು ಹೆಚ್ಚು ಸುರಿಯುತ್ತಾರೆ, ಒಪ್ಪಿದೆ. ಮಿಲ್ವಾಕಿ ಏನು ಮಹಾನಗರವೇ? ಅವರು ಆಗಾಗ ಪ್ಲೇಆಫ್ ಮುಟ್ಟುತ್ತಾರೆ. ಹಾಗೂ ದುಡ್ಡಿಲ್ಲದವರು ಮರ್ಯಾದೆಯನ್ನಾದರೂ ಉಳಿಸಿಕೊಳ್ಳಬಹುದಲ್ಲ, ಅದಕ್ಕೆ ಖರ್ಚಿಲ್ಲ. ಮುಂದಕ್ಕೆ ಹೋಗೋಣ.

ಒಂದು ಸಲದ ಮರೆವಾದರೆ ನಾನೂ ಬಿಟ್ಟುಬಿಡುತ್ತಿದ್ದೆ. ಕರಿಯರನ್ನು ದೊಡ್ಡ ಲೀಗುಗಳಿಗೆ ಸೇರಿಸದಿದ್ದ ಕಾಲದಲ್ಲಿ ಇದೇ ಊರಿನ ಬೇರೆ ತಂಡಗಳಲ್ಲಿ ಆಡಿದ ಜಾಷ್ ಗಿಬ್ಸನ್ ಮುಂತಾದವರ ಪ್ರತಿಮೆಗಳನ್ನು 2006ರಲ್ಲಿ ಮೈದಾನದ ಬಾಗಿಲ ಬಳಿ ನಿಲ್ಲಿಸಿದರು, 2015ರಲ್ಲಿ ಎತ್ತಿಸಿದರು. ಅಭಿಮಾನಿಗಳು ದುಡ್ಡು ಕೊಟ್ಟು ತಮ್ಮವರ ಹೆಸರು ಕೆತ್ತಿಸಿದ್ದ ಇಟ್ಟಿಗೆಗಳು, ಅದೇ 2025ರ ಏಪ್ರಿಲ್‌ನಲ್ಲಿ, ಮರುಬಳಕೆ ಘಟಕದ ರಾಶಿಯಲ್ಲಿ ಬಿದ್ದಿದ್ದ ಫೋಟೊ ಹೊರಬಂತು. ಇದ್ದವರ ಕಥೆಯೂ ಅಷ್ಟೇ. ಬ್ಯಾರಿ ಬಾಂಡ್ಸ್ ಎರಡು ಸಲ ಲೀಗಿನ ಶ್ರೇಷ್ಠ ಆಟಗಾರನಾದ ಮೇಲೆ 1992ರ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ಪಾಲಾದ. ಅವನ ಮುಂದಿನ ಪುರಾಣ ಬೇರೆ, ನನಗೆ ಅವನ ಮೇಲೆ ಅಂಥ ಪ್ರೀತಿಯೂ ಇಲ್ಲ. ಆದರೆ ಮೆಕಚನ್! ಆ ಇಪ್ಪತ್ತು ವರ್ಷದ ಶನಿ ಬಿಡಿಸಿದವನು, 2013ರ ಶ್ರೇಷ್ಠ ಆಟಗಾರ. ಅವನನ್ನೂ 2018ರ ಜನವರಿಯಲ್ಲಿ ಸಾಗಹಾಕಿದರು. 2023ರಲ್ಲಿ, ವಯಸ್ಸಾದ ಮೇಲೆ, ಮರಳಿ ಕರೆದಾಗ ಊರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸುಳ್ಳು ಹೇಳುವುದಿಲ್ಲ. ಬದುಕಿದ್ದಾಗ ಅನ್ನ ಹಾಕದೆ, ಪಕ್ಷದಲ್ಲಿ ವಡೆ ಪಾಯಸದ ಎಡೆ ಇಡುವವರನ್ನು ನಾವು ನೋಡಿಲ್ಲವೇ?

ಎಡೆ ಎಂದರೆ ಹೇಗಿರಬೇಕು ಎಂದು ನೋಡಬೇಕಾದರೆ ಅಕ್ಟೋಬರ್ 13ರಂದು ಬನ್ನಿ. 1960ರ ಆ ದಿನ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ಕೊನೆಯಲ್ಲಿ ಮ್ಯಾಜರಾಸ್ಕಿ ಹೊಡೆದ ಹೋಮ್ ರನ್‌ನಿಂದ ಪೈರೇಟ್ಸ್ ಯಾಂಕೀಸ್‌ನವರನ್ನು 10-9ರಿಂದ ಸೋಲಿಸಿತು. ಫೋರ್ಬ್ಸ್ ಫೀಲ್ಡ್ ಈಗಿಲ್ಲ; ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಅದರ ಇಟ್ಟಿಗೆ ಗೋಡೆಯ ಒಂದು ತುಂಡು ಬಳ್ಳಿ ಹಬ್ಬಿಸಿಕೊಂಡು ನಿಂತಿದೆ. ಪ್ರತಿ ವರ್ಷ ಆ ದಿನ ಜನ ಮಡಚುವ ಕುರ್ಚಿ ತಂದು ಗೋಡೆಯ ಬುಡದಲ್ಲಿ ಕೂತು ಅಂದಿನ ರೇಡಿಯೊ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಹೋದ ಸಲ ನನ್ನ ಪಕ್ಕದಲ್ಲಿದ್ದ ಅಜ್ಜ ಎಂಟನೇ ಇನ್ನಿಂಗ್ಸ್‌ನಲ್ಲಿ ಉಗುರು ಕಚ್ಚುತ್ತಿದ್ದ. ಅರವತ್ತು ಚಿಲ್ಲರೆ ವರ್ಷದ ಹಿಂದೆ ಮುಗಿದ ಪಂದ್ಯಕ್ಕೆ! ಟಿಕೆಟ್ ಇಲ್ಲ, ಅಂಗಿ ಮಾರುವವರಿಲ್ಲ. ಈ ಪದ್ಧತಿಯನ್ನು ಶುರು ಮಾಡಿದ್ದು ತಂಡವಲ್ಲ, ಊರಿನವರು.

ಹೆಸರಿನ ಮಾತು ಹೇಳದೆ ಮುಗಿಸಲಾರೆ. ಅಂದಿನ ಪತ್ರಿಕೆಗಳೂ ಆಟಗಾರರ ಚಿತ್ರದ ಕಾರ್ಡುಗಳೂ ಕ್ಲೆಮೆಂಟೆಯನ್ನು "ಬಾಬ್" ಎನ್ನುತ್ತಿದ್ದವು. ರೊಬೆರ್ಟೊ ಎನ್ನಲು ನಾಲಿಗೆ ಹೊರಳದು ನೋಡಿ. ಅವನ ಇಂಗ್ಲಿಷ್ ಉಚ್ಚಾರಣೆಯನ್ನು ಹಾಗೆಹಾಗೇ ಅಚ್ಚುಹಾಕಿ ನಗುತ್ತಿದ್ದರು. ಅವನು ಸಹಿಸಲಿಲ್ಲ, ನನ್ನ ಹೆಸರು ರೊಬೆರ್ಟೊ ಎಂದೇ ಹೇಳುತ್ತ ಬಂದ. ಸತ್ತ ಮೇಲೂ ಬಿಡಲಿಲ್ಲ: ಬೇಸ್‌ಬಾಲ್‌ನ ದೊಡ್ಡವರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನ ಫಲಕದಲ್ಲಿ ತಾಯಿಯ ಮನೆತನದ ಹೆಸರನ್ನು ನಡುವೆ ತುರುಕಿ "ರೊಬೆರ್ಟೊ ವಾಕರ್ ಕ್ಲೆಮೆಂಟೆ" ಎಂದು ಕೆತ್ತಿದ್ದರು. ಸ್ಪ್ಯಾನಿಷ್ ಪದ್ಧತಿಯಂತೆ ಅದು ಕೊನೆಗೆ ಬರಬೇಕು. ಸರಿಪಡಿಸಿದ್ದು 2000ದಲ್ಲಿ, ಇಪ್ಪತ್ತೇಳು ವರ್ಷದ ನಂತರ. ಅಪ್ಪನ ಹೆಸರನ್ನೇ ಉಪನಾಮ ಮಾಡಿಕೊಂಡು ಬದುಕುತ್ತಿರುವ ನಮ್ಮಂಥವರಿಗೆ ಈ ಗೋಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಹುಡುಗನಿಗೆ ಆವೇಶದಿಂದ ಹೇಳಿದ್ದು ಆ ಅಂಗಡಿಯ ಸಾಲಿನಲ್ಲೇ ನಿಂತು. ಹೌದು, ಸಾಲಿನಲ್ಲಿ. 21ರ ಅಂಗಿಯೊಂದು ನನ್ನ ತೋಳಿನ ಮೇಲಿತ್ತು. ಬೈಯುವವರೇ ಕೊಳ್ಳುವವರು, ಏನು ಮಾಡುವುದು. ದುಡ್ಡು ತೆಗೆದುಕೊಳ್ಳುವ ಹುಡುಗಿ ರಸೀದಿಗೆಂದು ಹೆಸರು ಕೇಳಿದಳು. ಚಂದ್ರಶೇಖರ ಎಂಬ ನಾನು, ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡು ಬಂದಿರುವ ಹಾಗೆ, ಯೋಚಿಸದೆ "ಚಕ್" ಎಂದೆ.

ಹುಡುಗ ನನ್ನ ಮುಖ ನೋಡಿದ.